ಈ ಚಿತ್ರ ಈಗಾಗಲೇ ಇದೆ

"ಈ ಚಿತ್ರ ಈಗಾಗಲೇ ಇದೆ," ಎಂದಿತು ಕ್ಯಾಮೆರಾ.

ರುದ್ರಮುನಿ ಹಂಚಿನಾಳರು ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮುಕ್ಕಾಲಿಯ ತಿರುಪು ಬಿಗಿಮಾಡಿ, ಮತ್ತೊಮ್ಮೆ ಗುಂಡಿ ಒತ್ತಿದರು. ಕ್ಯಾಮೆರಾ ಕ್ಷಣಹೊತ್ತು ಯೋಚಿಸಿದಂತೆ ಮಾಡಿ, ಅದೇ ಸೌಮ್ಯ ದನಿಯಲ್ಲಿ ಅದೇ ಮಾತು ಹೇಳಿತು. ಬೇಕಿದ್ದರೆ ಇರುವ ಚಿತ್ರವನ್ನೇ ತೋರಿಸುತ್ತೇನೆ ಎಂದೂ ಸೇರಿಸಿತು.

ವಿಜಯಪುರದ ಇಬ್ರಾಹಿಂ ರೋಜಾದ ಕಲ್ಲಿನ ಜಾಲಂದ್ರದ ಪಕ್ಕ ಸೆಟೆದು ನಿಂತಿದ್ದ ಅವರ ಹೆಂಡತಿ ಶಿವಲೀಲಾ ಭುಜ ಸಡಿಲಬಿಟ್ಟರು.

"ರೀ, ಅದು ಒಲ್ಲೆ ಅಂದ್ಮ್ಯಾಲ ಒಲ್ಲೆ. ಎಷ್ಟ ಗೋಗರಿತೀರಿ ಅದಕ್ಕ? ನಡೀರಿ ಮನಿಗೆ. ಗಿರಣಿ ಬಂದ್ ಆಗೂದ್ರಾಗ ಹಿಟ್ಟ ಬೀಸಿಸ್ಕೊಂಡ ಹೋಗೂಣು."

ರುದ್ರಮುನಿ ಸಾಮಾನು ಚೀಲಕ್ಕೆ ತುಂಬತೊಡಗಿದರು. ಯಂತ್ರದಿಂದ ಬೈಸಿಕೊಂಡವರ ಮುಖ ಹೇಗಿರುತ್ತದೆಂದು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಏಕೆಂದರೆ ದೇಶದ ಎಲ್ಲ ಕ್ಯಾಮೆರಾಗಳೂ ಆ ಹೊತ್ತಿಗೆ ಹೀಗೆಯೇ ಆಡುತ್ತಿದ್ದವು.

ಇದಕ್ಕೆ ಕಾರಣವಿತ್ತು. ಜನ ಸಿಕ್ಕಿದ್ದನ್ನೆಲ್ಲ ಚಿತ್ರ ತೆಗೆದು ತೆಗೆದು ಜಗತ್ತನ್ನೇ ತುಂಬಿಸಿಬಿಟ್ಟಿದ್ದರು. ಒಂದೇ ಸೂರ್ಯಾಸ್ತ, ಒಂದೇ ಜಲಪಾತ, ಒಂದೇ ತಟ್ಟೆಯ ಮಸಾಲೆದೋಸೆ ಕೋಟಿಗಟ್ಟಲೆ ಸಲ ಸಂಗ್ರಹವಾಗಿ, ಅವನ್ನು ಕಾಪಿಡುವ ಯಂತ್ರಾಗಾರಗಳು ಊರೂರಿನ ವಿದ್ಯುತ್ತನ್ನು ನುಂಗಿ, ತಣ್ಣಗಿರಲು ಕೆರೆಕೆರೆಯ ನೀರು ಕುಡಿಯುತ್ತಿದ್ದವು. ಕೊನೆಗೆ ಸರ್ಕಾರ ಎಲ್ಲರ ಚಿತ್ರಗಳನ್ನೂ 'ಚಿತ್ರಕಣಜ' ಎಂಬ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಿ, ಪ್ರತಿಯೊಂದು ಕ್ಯಾಮೆರಾದಲ್ಲೂ 'ಹೊಸತನಮಾಪಕ' ಇರಲೇಬೇಕೆಂದು ಕಾನೂನು ಮಾಡಿತು. ಗುಂಡಿ ಒತ್ತಿದೊಡನೆ ಈ ಮಾಪಕ ಎದುರಿನ ದೃಶ್ಯವನ್ನು ಕಣಜದಲ್ಲಿರುವುದರೊಡನೆ ಹೋಲಿಸುತ್ತದೆ. ಅಂಥದ್ದು ಇಲ್ಲದಿದ್ದರೆ ಸೇರಿಸಿಕೊಳ್ಳುತ್ತದೆ. ಇದ್ದರೆ ಮುಲಾಜಿಲ್ಲದೆ ಬಿಟ್ಟುಬಿಡುತ್ತದೆ. ಕಾನೂನು ಬಂದ ಮೇಲೆ ಕೆರೆಗಳಲ್ಲಿ ನೀರು ನಿಂತದ್ದು ನಿಜ. ಪ್ರವಾಸಿಗರೂ ಬೇಗ ಹೊಂದಿಕೊಂಡರು, ಗೋಲಗುಮ್ಮಟದ ಮುಂದೆ ನಿಂತು ಯಾರೋ ತೆಗೆದ ಒಳ್ಳೆಯ ಚಿತ್ರವನ್ನೇ ಕೇಳಿ ಪಡೆದು ಊಟಕ್ಕೆ ಹೋಗುತ್ತಿದ್ದರು.

ಹೊಂದಿಕೊಳ್ಳಲಾಗದವರು ರುದ್ರಮುನಿಯಂಥವರು. ವೃತ್ತಿಯಿಂದ ಅವರು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರವೃತ್ತಿಯಿಂದ ಕ್ಯಾಮೆರಾ ಸಾಮಾನಿನ ಭಕ್ತರು. ಚಿತ್ರ ತೆಗೆಯುವುದಕ್ಕಿಂತ ಮಸೂರ ಆರಿಸುವುದರಲ್ಲಿ ಅವರಿಗೆ ಹೆಚ್ಚು ಸುಖ. ಇದರ ಅಂಚು ಮೊನಚೋ, ಅದರ ಬಣ್ಣ ತುಸು ಹಳದಿಯೋ, ಈ ಚೀಲಕ್ಕೆ ಪಟ್ಟಿ ಅಗಲವೋ ಎಂದು ವಾರಗಟ್ಟಲೆ ತೂಗಿ, ತಂದಮೇಲೆ ಅದನ್ನು ಪರೀಕ್ಷಿಸಬೇಕು. ಪರೀಕ್ಷೆಗೆ ಸೂಕ್ಷ್ಮ ಕೆತ್ತನೆಯೂ ಬೇಕು, ಮನುಷ್ಯರ ಚರ್ಮವೂ ಬೇಕು. ಇಬ್ರಾಹಿಂ ರೋಜಾದಲ್ಲಿ ಕೆತ್ತನೆ ಇತ್ತು, ಚರ್ಮಕ್ಕೆ ಶಿವಲೀಲಾ ಇದ್ದರು. ಹೀಗೆ ಮದುವೆಯಾದ ಹೊಸದರಿಂದ ಭಾನುವಾರ ಬೆಳಿಗ್ಗೆ, ಅದೇ ಜಾಲಂದ್ರ, ಅದೇ ಬಿಸಿಲು, ಅದೇ ನಿಲುವು. ಪರೀಕ್ಷೆಯಲ್ಲಿ ಬದಲಾಗಬೇಕಾದದ್ದು ಮಸೂರ ಒಂದೇ, ಉಳಿದದ್ದೆಲ್ಲ ಹಾಗೇ ಇರಬೇಕು ಎಂಬುದು ರುದ್ರಮುನಿಯ ಶಿಸ್ತು. "ನಾ ಏನ್ ಹೇಂತೀನೋ ಗ್ವಾಡೀನೋ?" ಎಂದು ಶಿವಲೀಲಾ ಎಷ್ಟೋ ಸಲ ಕೇಳಿದ್ದರು. ಕೇಳಿಯೂ ಬಂದು ನಿಲ್ಲುತ್ತಿದ್ದರು.

ಕಣಜಕ್ಕೆ ಎಲ್ಲರ ಹಳೆಯ ಚಿತ್ರಗಳನ್ನು ಸೇರಿಸಿದಾಗ, ಶಿವಲೀಲಾರ ಆ ರಾಶಿಯಲ್ಲಿ ಉಳಿದದ್ದು ಕೆಲವೇ ಕೆಲವು. ಮಿಕ್ಕವೆಲ್ಲ ಪುನರುಕ್ತಿ ಎಂದು ಕರಗಿಹೋದವು. ರುದ್ರಮುನಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಹೊಸತನಮಾಪಕವನ್ನು ರೂಪಿಸಿದ ತಂಡದಲ್ಲಿ ಅವರದೇ ಓಣಿಯ ಹುಡುಗಿ ಒಬ್ಬಳಿದ್ದಳು. ಡಾಕ್ಟರ್ ನುಸ್ರತ್ ಇನಾಮದಾರ್. ರುದ್ರಮುನಿಯ ಗೆಳೆಯನ ಮಗಳು. ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿರುವ ಚಿತ್ರಕಣಜದಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬರುತ್ತಿದ್ದಳು. ಕ್ಯಾಮೆರಾ ಒಲ್ಲೆನೆಂದ ಆ ವಾರವೇ ರುದ್ರಮುನಿ ಅವಳನ್ನು ತರಾಟೆಗೆ ತೆಗೆದುಕೊಂಡರು.

"ಅಲ್ಲವ್ವಾ, ನಿನ್ನೆ ಆಕಿ ಉಟ್ಟಿದ್ದ ಸೀರಿ ಹೊಸಾದು. ಆಕಾಶದಾಗ ಮಾಡ ಇತ್ತು. ಅದು ಹೆಂಗ ಹಳೇ ಚಿತ್ರ ಆತು?"

ನುಸ್ರತ್ ನಕ್ಕಳು. "ಕಾಕಾ, ಸೀರಿ ಬದಲಾತು, ಮಾಡ ಬಂತು ಅಂತ ಎಲ್ಲಾ ಹೊಸಾದ ಅನಕೋತ ಹೋದ್ರ ಕಣಜ ತುಂಬಾಕ ಎಷ್ಟೊತ್ತ ಬೇಕ್ರಿ? ಅದಕ್ಕ ಬಟ್ಟಿ, ಮಾಡ, ತಲಿ ಬಾಚಿದ ರೀತಿ, ಇವನ್ನೆಲ್ಲಾ ಮಾಪಕ ಲೆಕ್ಕಕ್ಕ ಹಿಡಿಯೂದಿಲ್ಲ. ಕಟ್ಟಡದ ಆಕಾರ, ಮುಖದ ಆಕಾರ, ನಿಂತ ಭಂಗಿ ನೋಡತೈತಿ."

"ಮುಖಾನೂ ಬದಲಾಗತೈತಲ್ಲ! ಆಕಿಗೇನ್ ವಯಸ್ಸಾಗೂದಿಲ್ಲ?"

"ಆಗತೈತ್ರಿ. ಆದ್ರ ವಯಸ್ಸ ಹೆಂಗ ಆಗತೈತಿ ಅನ್ನೂದನ್ನೂ ಅದಕ್ಕ ಕಲಿಸೀವಿ. ಇಷ್ಟ ವರ್ಷಕ್ಕ ಇಷ್ಟ ಸುಕ್ಕು, ಇಷ್ಟ ಬಿಳೀ ಕೂದಲ ಅಂತ ಮೊದಲ ಅಂದಾಜ ಮಾಡಿರತೈತಿ. ಆ ಅಂದಾಜ ಮೀರಿದ್ದನ್ನ ಅಷ್ಟ ಹೊಸಾದು ಅಂತ ತಿಳೀತೈತಿ. ಅಂದಾಜ ತಿದ್ದೂದು ವರ್ಷಕ್ಕೊಮ್ಮೆ, ಅಲ್ಲೀತನಕ ಎಷ್ಟ ಸಲ ಮೀರಿದ್ರೂ ಹೊಸಾದ."

ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ಶಿವಲೀಲಾ ಹೊರಗೆ ಬಂದರು. "ಅಂದ್ರ ನಾ ಹೆಂಗ ಇರಬೇಕೋ ಹಂಗ ಅದೀನಿ ಅಂತಾತಿಲ್ಲೋ? ಸಾಕು ಬಿಡ್ರಿ. ನಲವತ್ತ ವರ್ಷದಾಗ ನೀವು ಒಂದಿನಾರ ಹಿಂಗ ಅಂದೀರೇನು?"

ಸೋತೆನೆಂದು ಒಪ್ಪುವ ಗಿರಾಕಿ ರುದ್ರಮುನಿಯಲ್ಲ. ಮಾಪಕ ಹೊಸತೆನ್ನಬೇಕಾದರೆ ಇದುವರೆಗೆ ಯಾವ ಕ್ಯಾಮೆರಾವೂ ಕಾಣದ್ದನ್ನು ಕಾಣುವ ಮಸೂರ ತರಬೇಕು ಎಂದು ತೀರ್ಮಾನಿಸಿದರು. ಆಗ ಎಲ್ಲೆಡೆ ಇದ್ದದ್ದು ದ್ರವಮಸೂರಗಳು. ಒಂದು ಹನಿಯಷ್ಟು ಪಾರದರ್ಶಕ ದ್ರವ ವಿದ್ಯುತ್ತಿನಿಂದ ಆಕಾರ ಬದಲಿಸುತ್ತ ದೂರದ್ದನ್ನೂ ಹತ್ತಿರದ್ದನ್ನೂ ಅದೊಂದೇ ತೋರಿಸುತ್ತಿತ್ತು, ತೂಕವೇ ಇಲ್ಲ. ಗಾಜಿನ ಮಸೂರಗಳನ್ನು ಜನ ಮರೆತೇಬಿಟ್ಟಿದ್ದರು. ರುದ್ರಮುನಿ ಮರೆತಿರಲಿಲ್ಲ. ಪುಣೆಯ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನ ಬೆನ್ನುಬಿದ್ದು, ಕೊನೆಗೆ ಹಿತ್ತಾಳೆ ಕೊರಳಿನ, ಕೈಗೆ ಸೇರುಕಲ್ಲಿನಷ್ಟು ಭಾರವಾದ ಗಾಜಿನ ಮಸೂರವೊಂದನ್ನು ತಂದೇ ತಂದರು. ಅದನ್ನು ಹೊಸ ಕ್ಯಾಮೆರಾಕ್ಕೆ ಕೂರಿಸಲು ಬೇಕಾದ ಬಳೆಯನ್ನು ಲೇತ್ ಅಂಗಡಿಯಲ್ಲಿ ಕೊರೆಸಿದರು. ಆ ಬಳೆಗೆ ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಭಾನುವಾರದ ಪರೀಕ್ಷೆ ನಿಂತಿತ್ತು.

ಬಳೆ ಬಂದ ಭಾನುವಾರ ಶಿವಲೀಲಾ ಜಾಲಂದ್ರದ ಪಕ್ಕ ನಿಂತರು. ತಲೆ ಸಿಡಿಯುತ್ತಿದೆ, ಬೇಗ ಮುಗಿಸಿ ಎಂದರು. ರುದ್ರಮುನಿ ಗುಂಡಿ ಒತ್ತಿದರು.

"ಹೊಸ ಚಿತ್ರ. ಸೇರಿಸಿಕೊಂಡಿದೆ," ಎಂದಿತು ಕ್ಯಾಮೆರಾ.

ರುದ್ರಮುನಿ ಕುಣಿಯುವುದೊಂದೇ ಬಾಕಿ. ಮರಳುವಾಗ ದಾರಿಯಲ್ಲಿ ಪೇಢೆ ಕೊಂಡರು. ಸಿಕ್ಕವರಿಗೆಲ್ಲ ಗಾಜಿನ ಗುಣಗಾನ ಮಾಡಿದರು. ಮುಂದಿನ ವಾರವೂ ಕ್ಯಾಮೆರಾ ಹೊಸತೆಂದಿತು. ಅದರ ಮುಂದಿನ ವಾರವೂ. ಗೋಲಗುಮ್ಮಟಕ್ಕೆ ತಿರುಗಿಸಿದರೆ ಮಾತ್ರ ಹಳೆಯ ರಾಗವೇ. ಅದಕ್ಕೂ ಅವರಲ್ಲಿ ವಿವರಣೆ ಇತ್ತು. ಗಾಜಿನ ಮಹಿಮೆ ಇರುವುದು ಚರ್ಮದ ಮೇಲೆ, ಕಲ್ಲಿನ ಮೇಲಲ್ಲ!

ಇಂಥ ಮಸೂರವನ್ನು ಊರಲ್ಲೇ ಇಟ್ಟುಕೊಂಡಿರುವುದು ಹೇಗೆ? ಅಜಂತಾಕ್ಕೆ ಹೊರಟರು. ಹೊರಡುವ ಹಿಂದಿನ ದಿನ ಚಾಪೆಯ ಮೇಲೆ ಸಾಮಾನೆಲ್ಲ ಹರವಿ, ಗಾಜಿನ ಮಸೂರವನ್ನು ಉಣ್ಣೆಯ ಕಾಲುಚೀಲದೊಳಗೆ, ಬ್ಯಾಟರಿಗಳನ್ನು ಊಟದ ಡಬ್ಬಿಯೊಳಗೆ, ಮುಕ್ಕಾಲಿಯನ್ನು ಶಿವಲೀಲಾರ ಸೀರೆಗಳ ನಡುವೆ ಸೇರಿಸಿದರು. ಕಾರಿನ ಹಿಂದಿನ ಸೀಟು ಚೀಲಗಳ ಪಾಲಾಯಿತು. ಬುತ್ತಿಯ ಗಂಟನ್ನು ಶಿವಲೀಲಾ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಕೂತರು.

ಅಜಂತಾದ ಒಂದೊಂದು ಗುಹೆಯೂ "ಈಗಾಗಲೇ ಇದೆ" ಎನಿಸಿಕೊಂಡಿತು. ಕಂಬಕ್ಕೊರಗಿ ನಿಂತ ಶಿವಲೀಲಾ ಮಾತ್ರ ಹೊಸ ಚಿತ್ರ.

"ನೋಡ್ದಿ? ಎರಡ ಸಾವಿರ ವರ್ಷದ ಚಿತ್ರಕ್ಕಿಂತ ನೀನ ಹೊಸಾಕಿ," ಎಂದು ರುದ್ರಮುನಿ ಹಿಗ್ಗಿದರು.

"ಹೊಸಾಕೀನೋ ಹಳೇಕೀನೋ, ಈ ಎಡಗಣ್ಣಿನ ಹಿಂದ ಯಾರೋ ಮೊಳೆ ಹೊಡದಂಗ ಆಗಾಕತ್ತೈತ್ರಿ."

"ಬಿಸಲಿಗೆ ಹಂಗ ಆಗತೈತಿ. ಮಜ್ಜಿಗಿ ಕುಡಿ."

ಶಿವಲೀಲಾ ಮಜ್ಜಿಗೆ ಕುಡಿದರು. ರುದ್ರಮುನಿ ಮಸೂರಕ್ಕೆ ಮುಚ್ಚಳ ಹಾಕಿ ಕಾಲುಚೀಲದಲ್ಲಿ ಜೋಪಾನವಾಗಿ ಇಟ್ಟರು.

ನುಸ್ರತ್ ಮುಂದಿನ ರಜೆಗೆ ಬಂದಾಗ ಅವರು ಕಾದೇ ಕುಳಿತಿದ್ದರು. ಭಾನುವಾರ ಅವಳನ್ನು ರೋಜಾಕ್ಕೆ ಕರೆದೊಯ್ದು, ಅವಳ ಕಣ್ಣೆದುರೇ ಗುಂಡಿ ಒತ್ತಿದರು. ಕ್ಯಾಮೆರಾ ಹೊಸತೆಂದಿತು.

"ಏನಂತೀ ಈಗ? ನಿನ್ನ ಮಾಪಕಕ್ಕ ನಮ್ಮ ಗಾಜು ನೀರ ಕುಡಿಸ್ತಿಲ್ಲೋ?"

ನುಸ್ರತ್ ಹುಬ್ಬು ಗಂಟಿಕ್ಕಿದಳು. "ಮಸೂರ ಯಾವುದಿದ್ರೂ ಮಾಪಕಕ್ಕ ಫರಕ ಬೀಳೂದಿಲ್ರಿ ಕಾಕಾ. ಹೋಲಿಸೂಕಿಂತ ಮೊದಲ ಅದು ಮಸೂರದ ಗುಣಾನ ಕಳದು ಹಾಕತೈತಿ. ಒಂದ ಕೆಲಸ ಮಾಡ್ರಿ. ಗಾಜ ಬಿಚ್ಚಿ ಹಳೇ ದ್ರವಮಸೂರ ಹಾಕ್ರಿ. ಉಳದದ್ದೆಲ್ಲಾ ಹಂಗ ಇರ್ಲಿ."

ಬದಲಾಗಬೇಕಾದದ್ದು ಒಂದೇ, ಉಳಿದದ್ದೆಲ್ಲ ಹಾಗೇ ಇರಬೇಕು. ಜೀವಮಾನವಿಡೀ ಪಾಲಿಸಿದ ಈ ಶಿಸ್ತನ್ನು ರುದ್ರಮುನಿ ಈ ಮಸೂರದ ವಿಷಯದಲ್ಲಿ ಮಾತ್ರ ಮರೆತಿದ್ದರು. ಗೆಲುವು ಅಷ್ಟು ರುಚಿಯಾಗಿತ್ತು. ಅವರು ಗೊಣಗುತ್ತ ದ್ರವಮಸೂರ ಹಾಕಿ ಗುಂಡಿ ಒತ್ತಿದರು.

"ಹೊಸ ಚಿತ್ರ. ಸೇರಿಸಿಕೊಂಡಿದೆ."

ರುದ್ರಮುನಿಯ ಮುಖ ಸಣ್ಣದಾಯಿತು. ನುಸ್ರತ್ ಅದನ್ನು ನೋಡಲಿಲ್ಲ. ಅವಳು ಕ್ಯಾಮೆರಾ ಇಸಿದುಕೊಂಡು ಅದರಲ್ಲಿ ಭೇದನಕ್ಷೆಯನ್ನು ತೆರೆಯುತ್ತಿದ್ದಳು. ಮಾಪಕ ಯಾವುದನ್ನು ಹೊಸತೆಂದು ಬಗೆಯಿತು ಎಂಬುದನ್ನು ತೋರಿಸುವ ಪರದೆ ಅದು. ಹಳೆಯದೆಲ್ಲ ಕಪ್ಪು, ಹೊಸತು ಮಾತ್ರ ಬಿಳುಪು. ಸಾಮಾನ್ಯ ಜನರಿಗೆ ಅದು ಬೇಕಾಗುವುದಿಲ್ಲವೆಂದು ಒಳಗೆಲ್ಲೋ ಅಡಗಿಸಿಟ್ಟಿದ್ದರು. ಪರದೆ ಪೂರ್ತಿ ಕಪ್ಪಾಗಿತ್ತು. ನಡುವೆ ಒಂದು ಕಡೆ ಸಣ್ಣ ಬಿಳಿ ಚುಕ್ಕೆ, ಅದರ ಮೇಲೊಂದು ಬಿಳಿ ಗೆರೆ.

"ಅಯ್ಯ, ಧೂಳ ಬಿದ್ದೈತಿ," ಎಂದರು ರುದ್ರಮುನಿ. ಕಿಸೆಯಿಂದ ಮೆತ್ತನೆಯ ಬಟ್ಟೆ ತೆಗೆದು ಮಸೂರ ಒರೆಸತೊಡಗಿದರು.

ನುಸ್ರತ್ ಅವರ ಕೈ ಹಿಡಿದಳು. "ಕಾಕಾ, ಒರಸಬ್ಯಾಡ್ರಿ. ಅದು ಧೂಳಲ್ಲ. ಶಿವಲೀಲಾ ಕಾಕೂನ ಎಡಗಣ್ಣು ಅದು."

ಇಬ್ಬರೂ ತಲೆಯೆತ್ತಿ ಶಿವಲೀಲಾರನ್ನು ನೋಡಿದರು. ಬೆಳಗಿನ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಬಲಗಣ್ಣಿನ ಪಾಪೆ ಸಾಸಿವೆಯಷ್ಟಾಗಿ ಕುಗ್ಗಿತ್ತು. ಎಡಗಣ್ಣಿನದು ಕುಗ್ಗಿರಲಿಲ್ಲ, ದೊಡ್ಡದಾಗಿಯೇ ಇತ್ತು. ಆ ಕಣ್ಣಿನ ರೆಪ್ಪೆ ತುಸು ಕೆಳಗೆ ಜೋತಿತ್ತು. ಭಾನುವಾರ ಭಾನುವಾರ ರುದ್ರಮುನಿ ಆ ಮುಖದ ಒಂದೊಂದು ರೋಮಕೂಪ ಮೊನಚಾಗಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿದ್ದರು. ಕಣ್ಣನ್ನು ನೋಡಿರಲಿಲ್ಲ.

"ಯಾಕ್ರಿ, ಇಬ್ರೂ ಹಿಂಗ ಯಾಕ ನೋಡಾಕತ್ತೀರಿ ನನ್ನ?" ಎಂದರು ಶಿವಲೀಲಾ.

ಸೊಲ್ಲಾಪುರದ ಆಸ್ಪತ್ರೆಯ ಮೆದುಳು ತಜ್ಞರು ಸ್ಕ್ಯಾನ್ ಮಾಡಿಸಿ ನೋಡಿ, ನೇರ ವಿಷಯಕ್ಕೇ ಬಂದರು. ಮೆದುಳಿನ ಒಂದು ರಕ್ತನಾಳದ ಗೋಡೆ ತೆಳುವಾಗಿ ಗುಳ್ಳೆಯಂತೆ ಉಬ್ಬಿದೆ. ಪಕ್ಕದಲ್ಲೇ ಹಾದುಹೋಗುವ ಕಣ್ಣಿನ ನರವನ್ನು ಅದು ಒತ್ತುತ್ತಿದೆ. ನರ ಸೋತದ್ದರಿಂದ ಪಾಪೆ ಕುಗ್ಗುತ್ತಿಲ್ಲ. ಗುಳ್ಳೆ ಒಡೆದರೆ ಉಳಿಯುವ ಭರವಸೆ ಕಡಿಮೆ. ಯಾವಾಗ ಒಡೆಯುತ್ತದೆಂದು ಹೇಳಲು ಬರುವುದಿಲ್ಲ.

"ತಲಿನೋವು ಎಷ್ಟ ದಿನದಿಂದ ಐತ್ರಿ?" ಎಂದು ವೈದ್ಯರು ಕೇಳಿದರು.

ಶಿವಲೀಲಾ ಗಂಡನ ಮುಖ ನೋಡಿದರು. "ಈಗ ಸ್ವಲ್ಪ ದಿನ ಆತ್ರಿ," ಎಂದಷ್ಟೇ ಹೇಳಿದರು. ಅಜಂತಾದ ಮಾತು ಎತ್ತಲಿಲ್ಲ. ಎತ್ತಿದ್ದರೆ ರುದ್ರಮುನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ತೊಡೆಯ ರಕ್ತನಾಳದ ಮೂಲಕ ಕೂದಲೆಳೆಯಂಥ ತಂತಿಯನ್ನು ಮೆದುಳಿನತನಕ ತೂರಿಸಿ, ಗುಳ್ಳೆಯೊಳಗೆ ಸುರುಳಿ ಸುತ್ತಿ ಅದನ್ನು ಮುಚ್ಚುವುದು ಚಿಕಿತ್ಸೆ. ಅದು ನಡೆಯುವಷ್ಟು ಹೊತ್ತೂ ರುದ್ರಮುನಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಕ್ಯಾಮೆರಾ ಚೀಲ ಅಭ್ಯಾಸಬಲದಿಂದ ಹೆಗಲಿಗೆ ಬಂದಿತ್ತು. ತಾನು ಒಂದು ಗಾಜಿನ ತುಂಡಿಗೆ ಪೇಢೆ ಹಂಚಿದ್ದು ನೆನಪಾಗಿ ಅವರಿಗೆ ಅಳು ಬಂತು. ಅವರು ಅತ್ತರು, ಎದುರಿಗಿದ್ದವರು ನೋಡುತ್ತಿದ್ದರೂ ಅತ್ತರು. ಪಕ್ಕದಲ್ಲಿದ್ದ ನುಸ್ರತ್ ಬೆನ್ನು ಸವರಿದಳು.

"ಮಾಪಕ ಮಾಡಿದಾಕಿ ನಾನ ಇಂಥಾದ್ದಕ್ಕ ಮಾಡಿದ್ದಿಲ್ರಿ ಕಾಕಾ," ಎಂದಳು. "ಜಾಗಾ ಉಳಸಾಕ ಮಾಡಿದ್ವಿ. ಒಂದ ಮುಖಾನ, ಒಂದ ಬಿಸಿಲಾಗ, ಒಂದ ಜಾಗಾದಾಗ ಇಷ್ಟ ವರ್ಷ ಹಿಡದವರು ದೇಶದಾಗ ಇನ್ನೊಬ್ರು ಇರಾಕಿಲ್ಲ. ನೀವು ಹಿಡದಿದ್ರಿ ಅಂತ ಅದಕ್ಕ ಗೊತ್ತಾತು."

ಅದು ಸಮಾಧಾನದ ಮಾತೋ ವಿಜ್ಞಾನದ ಮಾತೋ ರುದ್ರಮುನಿಗೆ ತಿಳಿಯಲಿಲ್ಲ. ಎರಡೂ ಆಗಿತ್ತು. ಸಂಜೆಯ ಹೊತ್ತಿಗೆ ವೈದ್ಯರು ಹೊರಬಂದು, ಎಲ್ಲ ಸರಿಹೋಯಿತು ಎಂದರು.

ನುಸ್ರತ್ ಕೂಡಲೇ ಕಣಜದ ಮೇಲಧಿಕಾರಿಗಳಿಗೆ ಬರೆದಳು. ಮೊದಲು ಅವರು ನಂಬಲಿಲ್ಲ. ನಂಬಿದ ಮೇಲೆ ಸುದ್ದಿ ಹಬ್ಬಿತು, ಹಬ್ಬಿದ ಮೇಲೆ ಯಾರ ಕೈಯಲ್ಲೂ ನಿಲ್ಲಲಿಲ್ಲ. ಜನ ತಮ್ಮ ತಮ್ಮ ಮನೆಯ ಅಂಗಳದಲ್ಲಿ, ಗುಡಿಯ ಕಟ್ಟೆಯ ಮೇಲೆ, ಶಾಲೆಯ ಗೋಡೆಗೆ ಬೆನ್ನುಕೊಟ್ಟು ವಾರವಾರವೂ ಒಂದೇ ಭಂಗಿಯಲ್ಲಿ ನಿಲ್ಲತೊಡಗಿದರು. ಮುಚ್ಚಿಹೋಗಿದ್ದ ಫೋಟೋ ಸ್ಟುಡಿಯೋಗಳು ಬಾಗಿಲು ತೆರೆದವು. "ಈ ಚಿತ್ರ ಈಗಾಗಲೇ ಇದೆ" ಎಂದು ಕೇಳಿ ಮೊದಲು ಮುಖ ಸಿಂಡರಿಸುತ್ತಿದ್ದ ಜನ, ಈಗ ಅದನ್ನು ಕೇಳಿ ದೇವರಿಗೆ ಕೈಮುಗಿದು ಮನೆಗೆ ಹೋಗುತ್ತಿದ್ದರು. ಒಂದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯಬಾರದೆಂದು ಮಾಡಿದ ಕಾನೂನು ಇಡೀ ದೇಶಕ್ಕೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯುವ ಚಟ ಹಿಡಿಸಿತ್ತು. ಅಧಿಕಾರಿಗಳು ತಲೆಕೆಡಿಸಿಕೊಂಡು ಲೆಕ್ಕ ಹಾಕಿದರೆ, ತೆಗೆದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತಿರಸ್ಕೃತವಾದ್ದರಿಂದ ಕಣಜದಲ್ಲಿ ಒಂದು ಹಿಡಿ ಜಾಗವೂ ಖರ್ಚಾಗಿರಲಿಲ್ಲ. ಅವರು ಸುಮ್ಮನಾದರು.

ಚೇತರಿಸಿಕೊಂಡ ಶಿವಲೀಲಾ ಮತ್ತೆ ಇಬ್ರಾಹಿಂ ರೋಜಾಕ್ಕೆ ಬಂದದ್ದು ಚಳಿಗಾಲದ ಒಂದು ಭಾನುವಾರ. ಮುಖ ಸೊರಗಿತ್ತು, ರೆಪ್ಪೆ ಮೊದಲಿನಂತೆ ಎದ್ದಿತ್ತು. ಕ್ಯಾಮೆರಾ ಏನನ್ನುವುದೋ ಎಂದುಕೊಳ್ಳುತ್ತಲೇ ರುದ್ರಮುನಿ ಗುಂಡಿ ಒತ್ತಿದರು. ಈ ಚಿತ್ರ ಈಗಾಗಲೇ ಇದೆ ಎಂದಿತು ಅದು. ಅವರು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಶಿವಲೀಲಾ ಹತ್ತಿರ ಬಂದು ಕ್ಯಾಮೆರಾ ಇಸಿದುಕೊಂಡರು. "ಈಗ ನೀವ್ ಹೋಗಿ ನಿಲ್ರಿ ಅಲ್ಲಿ."

"ನಾ ಯಾಕ?"

"ನಿಮಗೇನ್ ರಕ್ತನಾಳ ಇಲ್ಲೇನು? ನಿಲ್ರಿ ಅಂದ್ರ ನಿಲ್ರಿ."

ರುದ್ರಮುನಿ ಹೋಗಿ ನಿಂತರು. ಶಿವಲೀಲಾ ಗುಂಡಿ ಹುಡುಕಿ ಒತ್ತಿದರು.

"ಹೊಸ ಚಿತ್ರ. ಸೇರಿಸಿಕೊಂಡಿದೆ."

ಶಿವಲೀಲಾರ ಬಣ್ಣ ಇಳಿಯಿತು. ರುದ್ರಮುನಿ ತಮ್ಮ ಎಡಗಣ್ಣು ಮುಟ್ಟಿಕೊಂಡರು, ಬಲಗಣ್ಣು ಮುಟ್ಟಿಕೊಂಡರು, ಇಲ್ಲದ ತಲೆನೋವನ್ನು ಹುಡುಕಿದರು. ಶಿವಲೀಲಾ ಆಲಮಟ್ಟಿಗೆ ಫೋನು ಹಚ್ಚಿದರು. ನುಸ್ರತ್ ಅಲ್ಲಿಂದಲೇ ಭೇದನಕ್ಷೆಯನ್ನು ತೆರೆದು ನೋಡಿದಳು.

"ಏನವ್ವಾ, ಎಲ್ಲಿ ಐತಿ ಚುಕ್ಕಿ? ಕಣ್ಣಾಗೇನು?" ಎಂದು ಶಿವಲೀಲಾ ಕೇಳಿದರು.

"ಚುಕ್ಕಿ ಇಲ್ಲರಿ ಕಾಕು. ಜಾಲಂದ್ರ ಕಪ್ಪೈತಿ, ನೆಲ ಕಪ್ಪೈತಿ. ಕಾಕಾ ಮಾತ್ರ ತಲಿಯಿಂದ ಪಾದದ ತನಕ ಬೆಳ್ಳಗದಾರ." ಅವಳ ದನಿಯಲ್ಲಿ ನಗುವೂ ಇತ್ತು, ಮತ್ತೇನೋ ಇತ್ತು. "ಗಾಬರಿ ಆಗಬ್ಯಾಡ್ರಿ. ರೋಗ ಅಲ್ಲ. ಕಣಜದಾಗ ಹುಡುಕಿ ನೋಡ್ದೆ. ಅವರ ಒಂದ ಚಿತ್ರಾನೂ ಇಲ್ಲ. ನಿಮ್ಮ ಚಿತ್ರದಾಗ ಅಲ್ಲಲ್ಲೆ ನೆಲದ ಮ್ಯಾಲ ಅವರ ನೆರಳ ಬಿದ್ದೈತಿ, ಅಷ್ಟ. ಯಾವಾಗ್ಲೂ ಕ್ಯಾಮೆರಾದ ಹಿಂದ ಇದ್ರಲ್ಲ. ಹೋಲಿಸಾಕ ಅದರ ಕಡೆ ಏನೂ ಇಲ್ಲ."

ಶಿವಲೀಲಾ ಫೋನು ಇಳಿಸಿ, ಬಿಸಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದರು. ಬಹಳ ಹೊತ್ತು ನೋಡಿದರು. ತಾವು ಇಷ್ಟು ವರ್ಷ ಎದುರಿಗೆ ನಿಂತು ನೋಡಿದ್ದು ಒಂದು ಕಪ್ಪು ಪೆಟ್ಟಿಗೆಯನ್ನು, ಅದರ ಎರಡೂ ಕಡೆ ಎರಡು ಕಿವಿಗಳನ್ನು ಎಂದು ಅವರಿಗೆ ಆಗ ಅನ್ನಿಸಿತು. ಕಣ್ಣು ತುಂಬಿ ಬಂತು.

"ಏನಂದ್ಳು?" ಎಂದು ರುದ್ರಮುನಿ ಅಲ್ಲಿಂದಲೇ ಕೂಗಿದರು. "ಅಡ್ಮಿಟ್ ಆಗಬೇಕೇನು?"

"ಏನೂ ಆಗಿಲ್ಲಂತ. ನಿಂದರ್ರಿ, ಅಲ್ಲಾಡಬ್ಯಾಡ್ರಿ. ಇನ್ನೊಂದ ತಗೀತೀನಿ. ಮೊದಲಿಂದರಾಗ ಕಣ್ಣ ಮುಚ್ಚೀರಿ."

ರುದ್ರಮುನಿ ಜಾಲಂದ್ರದ ಪಕ್ಕ ಸೆಟೆದು ನಿಂತರು. ಕೈಯನ್ನು ಮೊದಲು ಹಿಂದೆ ಕಟ್ಟಿಕೊಂಡರು, ಆಮೇಲೆ ಮುಂದೆ ತಂದರು, ಆಮೇಲೆ ಕಿಸೆಗೆ ಹಾಕಿ ತೆಗೆದರು. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ.